ಅಲ್ಲಿ ಯಾರೂ ಇರಲಿಲ್ಲ

ಹರಪನಹಳ್ಳಿ
11 ಫೆಬ್ರವರಿ 1997

ಅತ್ತಿಗೆ,

ನೀನು ಬಸ್ಸಿನವರ ಕೈಲಿ ಕಳಿಸಿದ ಶೇಂಗಾ ಹೋಳಿಗೆ ಡಬ್ಬಿ ನಿನ್ನೆ ಸಂಜೆ ಬಂತು. ಇವತ್ತು ಅದನ್ನು ಸ್ಕೂಲಿಗೆ ಒಯ್ದು ಸ್ಟಾಫ್ ರೂಮಿನಲ್ಲಿ ಮುಚ್ಚಳ ತೆಗೆದದ್ದೇ ತಪ್ಪಾಯಿತು. ನನಗೆ ಉಳಿದದ್ದು ಒಂದೂವರೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಬೆರಳು ನೆಕ್ಕುತ್ತ, "ದುರ್ಗಾ ಟೀಚರ್, ನಿಮ್ಮ ಅತ್ತಿಗೇನ ಇಲ್ಲೇ ಕರ್ಕೊಂಡು ಬಂದುಬಿಡ್ರಿ" ಅಂದರು. ಇಷ್ಟೆಲ್ಲ ಮಾಡಿದವಳು ನೀನು ಒಂದನ್ನಾದರೂ ತಿಂದೆಯಾ? ತಿಂದಿರಲಾರೆ. ಅಂಜಿನಿ ಅಣ್ಣ ತೀರಿಕೊಂಡು ಏಳು ವರ್ಷವಾಯಿತು. ಅಂದಿನಿಂದ ನೀನು ಸಿಹಿ ಮುಟ್ಟಿಲ್ಲ, ಹೂ ಮುಡಿದಿಲ್ಲ. ನಿನಗಿನ್ನೂ ಮೂವತ್ತನಾಲ್ಕು.

ಬೈಯುವುದಿಲ್ಲ ಎಂದು ಮಾತು ಕೊಟ್ಟರೆ ಒಂದು ವಿಷಯ ಹೇಳುತ್ತೇನೆ. ನಮ್ಮ ಪಕ್ಕದ ಮನೆ ಕನಕಮ್ಮನ ತಮ್ಮ ಮಂಜಣ್ಣ ನಿಮ್ಮ ಗುಡೇಕೋಟೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿರುವುದು ನಿನಗೆ ಗೊತ್ತು. ಹೆಂಡತಿ ತೀರಿ ನಾಲ್ಕು ವರ್ಷ. ಮಕ್ಕಳಿಲ್ಲ. ಹೋದ ಭಾನುವಾರ ಅಕ್ಕನ ಮನೆಗೆ ಬಂದವರು ನಮ್ಮಲ್ಲಿಗೂ ಬಂದರು. ಅರ್ಧ ಗಂಟೆ ಎಮ್ಮೆಗಳ ಕೆಚ್ಚಲು ಬಾವಿನ ಬಗ್ಗೆ ಮಾತಾಡಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಗೋಡೆಗೆ ಮುಖ ಮಾಡಿ, "ನಿಮ್ಮ ಅತ್ತಿಗೇರ ಮನಸಲ್ಲಿ ಏನೈತೆ ಅಂತ ಒಂದ್ಸಲ ಕೇಳ್ತೀರೇನ್ರಿ?" ಅಂದರು. ಅಂದವರೇ ನನ್ನ ಉತ್ತರಕ್ಕೂ ನಿಲ್ಲದೆ ಓಡಿಹೋದರು. ಒಂದು ಕಾಲಿಗೆ ನನ್ನ ಚಪ್ಪಲಿ ಹೋಗಿತ್ತು.

ಗಂಡ ಹೋದವಳು ಮತ್ತೆ ಮದುವೆಯಾಗುವುದು ನಮ್ಮವರಲ್ಲಿ ಹೊಸದಲ್ಲ. ನಮ್ಮಜ್ಜಿಯದೇ ಉಡಿಕೆ ಮದುವೆ. ಯೋಚಿಸಿ ನೋಡು.

ನಿನ್ನ ನಾದಿನಿ,
ದುರ್ಗಾ


ಗುಡೇಕೋಟೆ
20 ಫೆಬ್ರವರಿ 1997

ದುರ್ಗಿ,

ನಿನ್ನ ಪತ್ರವನ್ನು ಕೆಲಸದ ನಡುವೆ ಅಂಗನವಾಡಿಯಲ್ಲೇ ಓದಿದೆ. ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದ ಕೆಂಚಕ್ಕ ನನ್ನ ಮುಖ ನೋಡಿ, "ಯಾಕ ಹೊನ್ನೂರಮ್ಮ, ಯಾರರ ಸತ್ರೇನು?" ಅಂದಳು. ಅಷ್ಟು ಬಿಳುಚಿಕೊಂಡಿತ್ತಂತೆ.

ಬೈಯುವುದಿಲ್ಲ. ಮಂಜಣ್ಣನವರು ಒಳ್ಳೆಯವರು, ಊರಿಗೆಲ್ಲ ಗೊತ್ತು. ಆದರೆ ನನ್ನ ಹತ್ತಿರ ಆ ಮಾತು ಇನ್ನೊಮ್ಮೆ ಎತ್ತಬೇಡ.

ನಿನಗೆ ಹೇಳದೇ ಇದ್ದದ್ದೊಂದಿದೆ. ನಿಮ್ಮವ್ವ ಸಾಯುವ ಮುನ್ನಾದಿನ ನೀನು ಔಷಧಿ ತರಲು ಕೂಡ್ಲಿಗಿಗೆ ಹೋಗಿದ್ದೆ. ಅತ್ತೆ ನನ್ನ ಕೈ ಹಿಡಿದು, "ಹೊನ್ನೂರಿ, ನನ್ ಮಗ ಅಲ್ಲಿ ಒಬ್ನೇ ಅದಾನ. ನಿನ್ ದಾರಿ ಕಾಯಾಕತ್ತಾನ. ಅವಂಗ ಮೋಸ ಮಾಡಬ್ಯಾಡ" ಅಂದರು. ನಾನು ಹೂಂ ಅಂದೆ. ಅವತ್ತಿನಿಂದ ಪ್ರತಿ ಅಮಾವಾಸ್ಯೆಗೆ ನಿನ್ನ ಅಣ್ಣನಿಗೆ ಎಡೆ ಇಡುತ್ತೇನೆ. ಎಡೆಯ ಮುಂದೆ ಕೂತು ತಿಂಗಳ ಸುದ್ದಿಯನ್ನೆಲ್ಲ ಹೇಳುತ್ತೇನೆ. ನಿನಗೆ ನೌಕರಿ ಕಾಯಂ ಆದದ್ದನ್ನೂ ಹೇಳಿದ್ದೇನೆ. ಒಮ್ಮೊಮ್ಮೆ ಅವರು ನಕ್ಕಂತೆ ಕೇಳುತ್ತದೆ.

ನನಗೆ ದುಃಖವೇನೂ ಇಲ್ಲ ದುರ್ಗಿ. ನಾನು ಬಸ್ಸಿಗೆ ಕಾದು ಕೂತವಳು, ಅಷ್ಟೆ. ಬಸ್ ನಿಲ್ದಾಣದಲ್ಲಿ ಯಾರಾದರೂ ಒಲೆ ಹೂಡುತ್ತಾರೆಯೇ?

ಚಪ್ಪಲಿ ಅವರಿಂದ ಇಸಿದುಕೊಂಡೆಯಾ?

ನಿನ್ನ ಅತ್ತಿಗೆ,
ಹೊನ್ನೂರಮ್ಮ


ಹರಪನಹಳ್ಳಿ
3 ಮಾರ್ಚ್ 1997

ಅತ್ತಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟು ಇಳಿಯಲಿ ಎಂದು ಒಂದು ವಾರ ಕಾದೆ, ಇಳಿಯಲಿಲ್ಲ. ನಮ್ಮವ್ವನ ಮೇಲೆ ಬಂದ ಸಿಟ್ಟನ್ನು ಇನ್ನು ಅವಳ ಮುಂದೆ ತೋರಿಸುವ ಹಾಗಿಲ್ಲ. ಆದ್ದರಿಂದ ನಿನಗೇ ನೇರವಾಗಿ ಹೇಳುತ್ತೇನೆ.

ಅಲ್ಲಿ ಯಾರೂ ಇಲ್ಲ. "ಅಲ್ಲಿ" ಅನ್ನುವುದೇ ಇಲ್ಲ. ಅಣ್ಣನಿಗೆ ಕಾಮಾಲೆಯಾಯಿತು, ಹದಿನೆಂಟು ದಿನ ನರಳಿ ಸತ್ತ. ಅವನನ್ನು ಮಣ್ಣು ಮಾಡಿದ ದಿನವೇ ಅವನ ಕಥೆ ಮುಗಿಯಿತು. ದೀಪ ಆರಿದ ಮೇಲೆ ಜ್ವಾಲೆ ಎಲ್ಲಿಗೆ ಹೋಯಿತು ಎಂದು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಎಲ್ಲಿಗೂ ಹೋಗಲಿಲ್ಲ, ಎಣ್ಣೆ ತೀರಿತು ಅಂದೆ. ಅವಳಿಗೆ ಅರ್ಥವಾಯಿತು. ನಿನಗೆ ಯಾಕೆ ಆಗುವುದಿಲ್ಲ? ನೀನು ಎಡೆ ಇಟ್ಟ ಅನ್ನ ತಿಂದು ಹೋಗುವುದು ಪಕ್ಕದ ಮನೆಯ ನಾಯಿ. ಬರದೇ ಇರುವ ಬಸ್ಸಿಗೆ ಕಾದು ಕೂತಿದ್ದೀಯ. ಇದ್ದದ್ದು ಇದೊಂದೇ ಜೀವ, ಅದನ್ನು ಬೂದಿ ಮಾಡುತ್ತಿದ್ದೀಯ.

ಕಟುವಾಯಿತು ಎಂದು ಗೊತ್ತು. ಆದರೂ ಅಂಚೆಗೆ ಹಾಕುತ್ತೇನೆ.

ದುರ್ಗಾ


ಗುಡೇಕೋಟೆ
12 ಮಾರ್ಚ್ 1997

ದುರ್ಗಾ,

ಕಾಗದ ಮುಟ್ಟಿತು. ನಿನ್ನ ಅಣ್ಣನ ಎಡೆಗೆ ನಾಯಿಯ ಮಾತು ತಂದೆ. ಇಷ್ಟು ಓದಿದವಳು ನೀನು, ನಿನಗೆ ನಾನೇನು ಹೇಳಲಿ. ಇನ್ನು ನನಗೆ ಬರೆಯಬೇಡ.

ಹೊನ್ನೂರಮ್ಮ


ಗುಡೇಕೋಟೆ
10 ಆಗಸ್ಟ್ 1997

ದುರ್ಗಿ,

ನೀನು ಆಸ್ಪತ್ರೆಗೆ ಬಂದು ಎರಡು ದಿನ ನನ್ನ ಕಾಲ ಹತ್ತಿರ ಕೂತಿದ್ದೆ. ನಾನೂ ಮಾತಾಡಲಿಲ್ಲ, ನೀನೂ ಆಡಲಿಲ್ಲ. ಗಂಟಲು ನೋಯುತ್ತಿದ್ದದ್ದು ನಿಜ, ಆದರೆ ಅದಷ್ಟೇ ಕಾರಣವಲ್ಲ. ಹೇಳಬೇಕಾದದ್ದು ಏನೆಂದು ನನಗೇ ಆಗ ತಿಳಿದಿರಲಿಲ್ಲ. ಈಗ ತಿಳಿದಿದೆ. ಸಮಾಧಾನವಾಗಿ ಓದು.

ಜೂನ್ ಹದಿನೇಳರ ಮಧ್ಯಾಹ್ನ ಒಲೆಗೆಂದು ಅಂಗನವಾಡಿ ಹಿಂದಿನ ಕಟ್ಟಿಗೆ ರಾಶಿಗೆ ಕೈ ಹಾಕಿದೆ. ನಾಗರಹಾವು ಮುಂಗೈಗೆ ಕಚ್ಚಿತು. ಕೆಂಚಕ್ಕ ಕೂಗಿದ ಕೂಗಿಗೆ ದನದ ಆಸ್ಪತ್ರೆಯಿಂದ ಮಂಜಣ್ಣನವರು ಓಡಿಬಂದರು. ಡಾಕ್ಟರ ಜೀಪಿನಲ್ಲಿ ಹಾಕಿಕೊಂಡು ಕೂಡ್ಲಿಗಿಗೆ ಒಯ್ದರು. ಅಲ್ಲಿ ಇಂಜೆಕ್ಷನ್ ಕೊಟ್ಟು ಬಳ್ಳಾರಿಗೆ ಕಳಿಸಿದರು. ಇಷ್ಟು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಇನ್ನು ಮುಂದಿನದು. ಜೀಪಿನಲ್ಲಿ ರೆಪ್ಪೆ ಭಾರವಾಗಿ ಮುಚ್ಚಿಕೊಳ್ಳುತ್ತಿತ್ತು. ನಾಲಿಗೆ ಹೊರಳದು, ಉಸಿರು ಎಳೆದರೂ ಬಾರದು. ನನಗೆ ಭಯವಾಗಲಿಲ್ಲ ದುರ್ಗಿ. ಒಳಗೊಳಗೇ ಸಂಭ್ರಮ. ಬಂದೆ, ಬಂದುಬಿಟ್ಟೆ ಅಂದುಕೊಂಡೆ. ಬೆಳಿಗ್ಗೆ ತಲೆ ಬಾಚಿಕೊಂಡಿದ್ದೆನೋ ಇಲ್ಲವೋ ಎಂದು ನೆನಪಿಸಿಕೊಂಡೆ.

ಆಮೇಲೆ ಏನೂ ಇಲ್ಲ.

ಅವರು ಬರಲಿಲ್ಲ. ಅತ್ತೆಯೂ ಬರಲಿಲ್ಲ. ಬೆಳಕಿಲ್ಲ, ಬಾಗಿಲಿಲ್ಲ. ಕತ್ತಲೂ ಇರಲಿಲ್ಲ, ಕತ್ತಲನ್ನು ನೋಡಲು ನಾನಾದರೂ ಇರಬೇಕಿತ್ತಲ್ಲ. ಹುಟ್ಟುವ ಮೊದಲು ನಾನು ಎಲ್ಲಿದ್ದೆನೋ ಹಾಗೆ.

ಕಣ್ಣು ಬಿಟ್ಟಾಗ ಮರುದಿನದ ಮಧ್ಯಾಹ್ನ. ಗಂಟಲಲ್ಲಿ ಕೊಳವೆ. ತಲೆಯ ಹತ್ತಿರ ಎಂದೂ ಕಾಣದ ಒಬ್ಬಾಕೆ ಕೂತು, ಒಂದು ರಬ್ಬರ್ ಚೀಲವನ್ನು ಒತ್ತುತ್ತ, ಬಿಡುತ್ತ, ಒತ್ತುತ್ತ, ತನ್ನ ಸೊಸೆಯನ್ನು ವಾಚಾಮಗೋಚರವಾಗಿ ಬೈಯುತ್ತಿದ್ದಳು. ಕೆಂಚಕ್ಕ ಪಕ್ಕದಲ್ಲಿ ಹೂಂಗುಟ್ಟುತ್ತಿದ್ದಳು. ಆ ಬೈಗುಳ ನನ್ನ ಕಿವಿಗೆ ಎಷ್ಟು ರುಚಿಯಾಗಿತ್ತು ಅಂತೀ! ಆಕೆ ವಾರ್ಡಿನ ಆಯಾ, ಪಕ್ಕೀರಮ್ಮ. ನಾನು ಕಣ್ಣು ಬಿಟ್ಟದ್ದು ನೋಡಿ, "ಏ ಎದ್ಲು ನೋಡ್ರೇ! ನನ್ ಸೊಸಿ ಕತಿ ಕೇಳಾಕ ಎದ್ಲು!" ಎಂದು ಚೀರಿದಳು.

ಕೆಂಚಕ್ಕ ಆಮೇಲೆ ಹೇಳಿದಳು. ಆಸ್ಪತ್ರೆಯ ಉಸಿರಾಟದ ಯಂತ್ರಕ್ಕೆ ಬೇರೆ ರೋಗಿಯನ್ನು ಹಾಕಿದ್ದರಂತೆ. ನನಗೆ ಕೈಯಿಂದಲೇ ಗಾಳಿ ಒತ್ತಬೇಕಾಯಿತು. ಒಂದು ಸಲ ತಪ್ಪಿದರೂ ಕಷ್ಟವೆಂದು ಡಾಕ್ಟರು ಹೇಳಿದ್ದರಂತೆ. ಇಪ್ಪತ್ತೆರಡು ಗಂಟೆ. ಕೆಂಚಕ್ಕ, ಮಂಜಣ್ಣ, ಜೀಪಿನ ಡ್ರೈವರ್, ಪಕ್ಕೀರಮ್ಮ. ಕೈ ಸೋತಾಗ ಇನ್ನೊಬ್ಬರಿಗೆ ಕೊಡುತ್ತ, ನಾಲ್ಕು ಜನ ನನ್ನ ಉಸಿರನ್ನು ಕೈಯಲ್ಲಿ ಹಿಡಿದು ಕೂತಿದ್ದರು. ಪಕ್ಕೀರಮ್ಮನ ಪಾಳಿ ಮುಗಿದಿತ್ತು, ಅವಳು ಮನೆಗೆ ಹೋಗಲಿಲ್ಲ. ನಾನು ಅವಳಿಗೆ ಏನಾಗಬೇಕು ಹೇಳು?

ಮನೆಗೆ ಬಂದ ಮೇಲೆ ಮೂರು ವಾರ ಅತ್ತೆ. ಅಷ್ಟು ದಿನ ಯಾಕೆ ಅಳುತ್ತಿದ್ದೇನೆ ಎಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಾನು ನಿನ್ನ ಅಣ್ಣನಿಗಾಗಿ ಅಳುತ್ತಿದ್ದೆ. ಏಳು ವರ್ಷದಲ್ಲಿ ಮೊದಲ ಸಲ. ಅವರು ಸತ್ತಾಗ ನಾನು ಅತ್ತಿರಲಿಲ್ಲ, ಬೇರೆ ಊರಿಗೆ ಹೋದವರಿಗೆ ಯಾರಾದರೂ ಅಷ್ಟು ಅಳುತ್ತಾರೆಯೇ? ಈಗ ಅತ್ತೆ. ಪೂರ್ತಿ ಅತ್ತೆ.

ಅತ್ತು ಮುಗಿದ ದಿನ ಹಸಿವಾಯಿತು. ಎಂಥ ಹಸಿವು! ಜೋಳದ ರೊಟ್ಟಿ, ಪುಂಡಿಪಲ್ಲೆ, ಹಸಿ ಈರುಳ್ಳಿ. ಮೂರು ರೊಟ್ಟಿ ತಿಂದೆ. ಹೊಸ್ತಿಲ ಮೇಲೆ ಕೂತು ಬಿಸಿಲಿಗೆ ಕಾಲು ಚಾಚಿದೆ. ನನ್ನ ಕಾಲು, ನನ್ನ ಬಿಸಿಲು. ಸುಮ್ಮನೆ ನಗು ಬಂತು. ಎದುರು ಗುಡ್ಡದ ಬಂಡೆಗಳು ಯಾವತ್ತಿನಿಂದಲೋ ಅಲ್ಲೇ ಇವೆ, ನಾನು ಒಮ್ಮೆಯೂ ಕಣ್ಣು ತುಂಬ ನೋಡಿರಲಿಲ್ಲ. ಹೋಗುವವಳಿಗೆ ಯಾಕೆ ಬೇಕು ಎಂದಿದ್ದೆನೋ ಏನೋ.

ಮೊನ್ನೆ ನಾಗರ ಅಮಾವಾಸ್ಯೆಗೆ ಎಡೆ ಇಡಲಿಲ್ಲ. ಪಂಚಮಿಗೆ ಕೆಂಚಕ್ಕ, "ಜೀವ ಉಳಿಸ್ಯಾನ, ಹುತ್ತಕ್ಕ ಹಾಲೆರಿ ನಡಿ" ಎಂದು ತಟ್ಟೆ ಹಿಡಿದು ಬಂದಳು. "ಉಳಿಸಿದ್ದು ನೀನು, ಕಚ್ಚಿದ್ದು ಅವನು" ಅಂದು ಆ ಹಾಲನ್ನು ಇಬ್ಬರೂ ಹಂಚಿಕೊಂಡು ಕುಡಿದೆವು. ಎರಡು ಉಂಡಿ ತಿಂದೆ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಹೆಣ್ಣುಮಕ್ಕಳು ನನ್ನನ್ನೂ ಕೂರಿಸಿ ಜೀಕಿದರು. ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಇನ್ನೂ ಮೇಲಕ್ಕೆ, ಇನ್ನೂ ಮೇಲಕ್ಕೆ ಎಂದು ನಾನೇ ಕೂಗಿದೆನಂತೆ.

ನೀನು ಹೇಳಿದ್ದು ಸರಿ, ಅಲ್ಲಿ ಯಾರೂ ಇಲ್ಲ. ನಾನು ಹೋಗಿ ನೋಡಿ ಬಂದೆ. ಮಾರ್ಚಿನಲ್ಲಿ ಬರೆಯಬೇಡ ಎಂದೆನಲ್ಲ, ಈಗ ಬರಿ.

ನಿನ್ನ ಅತ್ತಿಗೆ,
ಹೊನ್ನೂರಮ್ಮ


ಹರಪನಹಳ್ಳಿ
29 ಆಗಸ್ಟ್ 1997

ಅತ್ತಿಗೆ,

ನಿನ್ನ ಪತ್ರ ಓದಿ ನಾನು ಕುಣಿದಾಡಬೇಕಿತ್ತು. ಹಾಗೆ ಆಗಲಿಲ್ಲ. ಸುಳ್ಳು ಬರೆಯಲಾರೆ.

"ಎಡೆ ಇಡಲಿಲ್ಲ" ಎಂಬ ಸಾಲಿನಲ್ಲಿ ನಿಂತುಬಿಟ್ಟೆ. ಮೊದಲು ನಿನ್ನ ಮೇಲೆ ಕೋಪ ಬಂತು. ನಮ್ಮಣ್ಣನನ್ನು ಇಷ್ಟು ಬೇಗ ಬಿಟ್ಟುಬಿಟ್ಟೆಯಲ್ಲ ಎಂದು! ಬಿಡು ಬಿಡು ಎಂದು ಹೇಳಿದವಳು ನಾನೇ. ನನ್ನಂಥ ದಡ್ಡಿ ಇನ್ನೊಬ್ಬಳು ಇರಲಾರಳು.

ಎರಡು ದಿನ ರಜೆ ಹಾಕಿ ಮನೆಯಲ್ಲಿ ಕೂತೆ. ನನಗೆ ಈಗ ಅನಿಸುವುದು ಇದು. ನೀನು ಅಲ್ಲಿ ಕಾಯುತ್ತಿದ್ದೆ. ಅದಕ್ಕೇ ನಾನು ಇಲ್ಲಿ ಧೈರ್ಯವಾಗಿ "ಅವನಿಲ್ಲ, ಎಣ್ಣೆ ತೀರಿತು" ಎಂದು ಪಾಠ ಮಾಡುತ್ತಿದ್ದೆ. ಪ್ರತಿ ಅಮಾವಾಸ್ಯೆಗೆ ಯಾರೋ ಒಬ್ಬರು ಅವನಿಗೆ ನನ್ನ ಸುದ್ದಿ ಹೇಳುತ್ತಿದ್ದರಲ್ಲ. ಈಗ ನಿಜವಾಗಿಯೂ ಅವನಿಲ್ಲ. ನನಗೆ ಅಣ್ಣ ಮೊನ್ನೆ ಸತ್ತ ಹಾಗಿದೆ.

ಹಾವು ಕಚ್ಚಿದವಳು ನೀನು, ಸಮಾಧಾನ ಕೇಳುತ್ತಿರುವವಳು ನಾನು. ನಾಚಿಕೆಯಾಗುತ್ತದೆ.

ದುರ್ಗಾ


ಗುಡೇಕೋಟೆ
7 ಸೆಪ್ಟೆಂಬರ್ 1997

ನನ್ನ ದುರ್ಗಿ,

ನಾಚಿಕೆ ಯಾಕೆ? ಅಳು. ನಾನು ಮೂರು ವಾರ ತೆಗೆದುಕೊಂಡೆ, ನಿನಗೆ ರಜೆ ಎರಡೇ ದಿನ.

ನಾನು ನಿನ್ನ ಅಣ್ಣನನ್ನು ಬಿಟ್ಟಿಲ್ಲ. ಎಡೆಯ ಮುಂದೆ ಕೂತಿದ್ದಾಗ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಸತ್ತ ಅಂಜಿನಿ, ಶಾಂತವಾಗಿ, ದೇವರ ಪಟದ ಹಾಗೆ ಕಾದು ಕೂತವರು. ಅವರು ಎಂದಾದರೂ ಹಾಗೆ ಕೂತದ್ದು ಉಂಟಾ? ಈಗ ಬದುಕಿದ್ದ ಅಂಜಿನಿ ನೆನಪಿಗೆ ಬರುತ್ತಾರೆ. ಬಸ್ಸಿನ ಬಾಗಿಲಿಗೆ ಜೋತುಬಿದ್ದು, "ಕೊಟ್ಟೂರ್, ಕೊಟ್ಟೂರ್, ಅರಪನಳ್ಳೀ" ಎಂದು ರಾಗ ಎಳೆಯುತ್ತಿದ್ದ ಕಂಡಕ್ಟರು. ನಿನಗೆ ಗೊತ್ತಿಲ್ಲದ ಒಂದೆರಡು ಹೇಳುತ್ತೇನೆ. ಅವರಿಗೆ ಹಲ್ಲಿ ಕಂಡರೆ ಭಯ. ನಿನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಬಸ್ಸಿನಲ್ಲಿ ಎಲ್ಲರಿಗೂ ಪೆಪ್ಪರಮೆಂಟು ಹಂಚಿ, ಮನೆಗೆ ಬಂದು ನಿನ್ನ ಮುಂದೆ ಮಾತ್ರ, "ಇನ್ನೂ ಹತ್ತು ಮಾರ್ಕ್ಸ್ ಬರಬೇಕಿತ್ತು ಬಿಡು" ಅಂದರು. ನೀನು ಅತ್ತದ್ದು ನೋಡಿ ನನ್ನ ಹತ್ತಿರ ಬಂದು, "ಲೇ, ತಪ್ಪು ಮಾಡಿದ್ನೇನ?" ಎಂದು ನೂರು ಸಲ ಕೇಳಿದರು. ಹೋಗಿ ಹೇಳಲು ಬಿಗುಮಾನ.

ಇದು ನನ್ನ ಹತ್ತಿರ ಇದೆ. ಯಾವ ಲೋಕಕ್ಕೂ ಹೋಗಿ ತರಬೇಕಾಗಿಲ್ಲ.

ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡ. ಅಲ್ಲಿ ಏನೂ ಇಲ್ಲ, ಇರುವುದು ಇದೊಂದೇ ಎಂದು ನಿನಗೆ ಮೊದಲಿನಿಂದ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ನಾನು ಕೂತೆ. ಗೊತ್ತಿದ್ದ ನೀನು ಏನು ಮಾಡಿದೆ ದುರ್ಗಿ? ಸ್ಕೂಲು, ಮನೆ, ಕಾಪಿ ತಿದ್ದುವುದು. ನನ್ನ ಬಾಳನ್ನು ನೆಟ್ಟಗೆ ಮಾಡಲು ಪತ್ರ ಬರೆಯುವುದು. ನಿನ್ನ ಪಾಲಿನ ಸುಖ ಎಲ್ಲಿಟ್ಟಿದ್ದೀ?

ಮಂಜಣ್ಣನವರು ವಾರಕ್ಕೊಮ್ಮೆ ಅಂಗನವಾಡಿಯ ಕಟ್ಟಿಗೆ ರಾಶಿಯನ್ನು ಕೋಲಿನಿಂದ ಕೆದಕಿ ನೋಡಿ ಹೋಗುತ್ತಾರೆ. ಮಾತಿಲ್ಲ ಕತೆಯಿಲ್ಲ.

ನಿನ್ನ ಅತ್ತಿಗೆ,
ಹೊನ್ನೂರಮ್ಮ


ಹರಪನಹಳ್ಳಿ
19 ಅಕ್ಟೋಬರ್ 1997

ಅತ್ತಿಗೆ,

ನಿನ್ನ ಪ್ರಶ್ನೆ ಒಂದು ತಿಂಗಳಿನಿಂದ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತಿದೆ. ಉತ್ತರ ಇನ್ನೂ ಇಲ್ಲ. ಆದರೆ ಹೋದ ಭಾನುವಾರ ಕಾಪಿಗಳನ್ನು ಮಂಚದ ಕೆಳಗೆ ತಳ್ಳಿ ಅಣ್ಣನ ಬಸ್ಸಿನ ದಾರಿಯಲ್ಲಿ ಹೊರಟೆ. ಕೊಟ್ಟೂರಿನಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತೆ. ಒಬ್ಬಳೇ, ರಸ್ತೆಯಲ್ಲಿ, ಟೀಚರಮ್ಮ! ಅಲ್ಲಿ ಯಾರು ಸಿಕ್ಕರು ಗೊತ್ತಾ? ಡ್ರೈವರ್ ಜಂಬಣ್ಣ. ಅಣ್ಣನ ಜೊತೆ ಆರು ವರ್ಷ ಬಸ್ ಓಡಿಸಿದವರು. ಈಗ ಕಣ್ಣು ಮಂಜು. ನಾನು ಹೆಸರು ಹೇಳಿದೊಡನೆ ಕೈ ಹಿಡಿದುಕೊಂಡು ಕೂತರು.

ಅವರು ಹೇಳಿದ ಕಥೆ ಇದು. ಬೇಸಿಗೆಯ ಒಂದು ಮಧ್ಯಾಹ್ನ ಕೊಟ್ಟೂರಿನ ಈಚೆ ಬಸ್ ಕೆಟ್ಟು ನಿಂತಿತಂತೆ. ಜನ ಬೈಯತೊಡಗಿದರು. ಅಣ್ಣ ಎಲ್ಲರ ಬುತ್ತಿ ಗಂಟು ಇಸಿದುಕೊಂಡು, ಹುಣಸೆ ಮರದ ಕೆಳಗೆ ಟವೆಲ್ ಹಾಸಿ, ಒಬ್ಬರ ರೊಟ್ಟಿ ಇನ್ನೊಬ್ಬರ ಚಟ್ನಿ ಎಂದು ಎಲ್ಲವನ್ನೂ ಕಲೆಸಿ ಹಂಚಿದ. ಒಬ್ಬ ಮುದುಕಿ ಮಗಳ ಬಾಣಂತನಕ್ಕೆಂದು ಒಯ್ಯುತ್ತಿದ್ದ ಅಂಟಿನುಂಡೆಯನ್ನೂ ತೆಗೆದಳಂತೆ. "ಬಸ್ ರಿಪೇರಿ ಆತವ್ವ," ಎಂದು ಜಂಬಣ್ಣ ನಕ್ಕರು, "ಹಾರನ್ ಹೊಡದು ಹೊಡದು ನನಗ ಸಾಕಾತು, ಒಬ್ರೂ ಏಳವಲ್ರು. ನಿಮ್ಮಣ್ಣ ಅಂತೂ ಅಲ್ಲೇ ಮಲಗಿಬಿಟ್ಟಿದ್ದ."

ನಾನು ಅಷ್ಟು ಜೋರಾಗಿ ನಕ್ಕು ಎಷ್ಟು ವರ್ಷವಾಗಿತ್ತೋ. ಮಿರ್ಚಿ ಖಾರವೋ ಏನೋ, ಕಣ್ಣಲ್ಲೂ ನೀರು. ವಾಪಸ್ ಬರುವಾಗ ಕಿಟಕಿ ಪಕ್ಕ ಕೂತು ಮೆಕ್ಕೆಜೋಳದ ಹೊಲ ನೋಡುತ್ತ ಬಂದೆ.

ಆ ಕಟ್ಟಿಗೆ ರಾಶಿ ಕೆದಕುವವರಿಗೆ ಒಂದು ಲೋಟ ಚಹಾ ಆದರೂ ಕೊಡು.

ದುರ್ಗಾ


ಗುಡೇಕೋಟೆ
21 ಜನವರಿ 1998

ದುರ್ಗಿ,

ಚಹಾ ಕೊಟ್ಟೆ. ಒಂದಲ್ಲ, ನವೆಂಬರಿನಿಂದ ಪ್ರತಿ ಶನಿವಾರ. ಅವರು ಕಟ್ಟೆಯ ಮೇಲೆ ಕೂರುತ್ತಾರೆ, ಕೆಂಚಕ್ಕ ನಡುವೆ ಕೂರುತ್ತಾಳೆ, ನಾನು ಬಾಗಿಲಲ್ಲಿ. ಯಾವ ಹಳ್ಳಿಯ ಆಕಳು ಯಾವ ಕಾಲಲ್ಲಿ ಒದ್ದಿತು ಎಂಬುದೆಲ್ಲ ನನಗೀಗ ಬಾಯಿಪಾಠ. ಮೊದಲ ಹೆಂಡತಿಯ ಬಗ್ಗೆಯೂ ಮಾತಾಡುತ್ತಾರೆ. ನಾನೂ ನಿನ್ನ ಅಣ್ಣನ ಬಗ್ಗೆ ಹೇಳುತ್ತೇನೆ. ಹಲ್ಲಿಯ ಕಥೆ ಕೇಳಿ ಚಹಾ ಮೂಗಿಗೆ ಏರಿಸಿಕೊಂಡರು.

ಮದುವೆಯ ಮಾತನ್ನು ಮಾತ್ರ ಎತ್ತಲೊಲ್ಲರು. ಹೋದ ಶನಿವಾರ ಕೆಂಚಕ್ಕ ನೀರಿಗೆ ಹೋದಾಗ ನಾನೇ ಕೇಳಿದೆ. "ಹೋದ ವರ್ಷ ದುರ್ಗಾನ ಮುಂದ ಏನೋ ಕೇಳಿದ್ರಂತ. ಉತ್ತರ ಬೇಕಾ ಬ್ಯಾಡಾ?"

ಅವರು ಲೋಟ ಕೆಳಗಿಟ್ಟರು. ಮತ್ತೆ ಎತ್ತಿದರು. "ಆಸ್ಪತ್ರೆಯಾಗ ಕೂತಿದ್ನಲ್ರೀ, ಅದಕ್ಕೆ ಹೇಳ್ಲಿಲ್ಲ. ಉಸುರು ಒತ್ತಿದ್ದಕ್ಕೆ ಹೂಂ ಅಂದ್ರು ಅಂತ ಆಗಬಾರದು. ಪಕ್ಕೀರಮ್ಮನೂ ಒತ್ತೌಳೆ."

ಆಗ ನನಗೆ ಖಾತ್ರಿಯಾಯಿತು. ಆದರೂ ಕೇಳಬೇಕಾದದ್ದು ಒಂದಿತ್ತು. "ಸತ್ತ ಮ್ಯಾಲೆ ಎಲ್ಲರ ಸಿಗ್ತೀವಿ ಅಂತ ನಾನು ಈಗ ನಂಬಂಗಿಲ್ಲ. ನಿಮಗೂ ಕಾಯ್ತೀನಿ ಅಂತ ಮಾತು ಕೊಡಂಗಿಲ್ಲ. ಇಲ್ಲಿ ಇರೋ ತನಕ ಅಷ್ಟೆ. ನಡೀತೈತಾ?"

ಉಳಿದ ಚಹಾ ಕುಡಿದು ಮುಗಿಸಿದರು. "ಸತ್ತ ಮೇಲಿಂದು ನನಗೂ ಗೊತ್ತಿಲ್ರೀ. ದಿನಾ ಬೆಳಗ್ಗೆ ನಾನೇ ಮೊದಲು ಎದ್ದು ಚಹಾ ಮಾಡ್ತೀನಿ. ಅದು ಗೊತ್ತೈತೆ."

ಹೂಂ ಅಂದೆ ದುರ್ಗಿ.

ಮುಂದಿನ ತಿಂಗಳು ಉಡಿಕೆ. ನಮ್ಮ ಹಿರಿಯರ ಪ್ರಕಾರ ಮೊದಲ ಗಂಡನ ಮನೆಯಿಂದ ಒಬ್ಬರು ಬಂದು ಎಲ್ಲರೆದುರು "ಆಗಲಿ" ಅನ್ನಬೇಕು. ಆ ಮನೆಯಲ್ಲಿ ಉಳಿದವಳು ನೀನೊಬ್ಬಳೇ. ಕಷ್ಟವಾದರೆ ಹೇಳು, ಕಾಯುತ್ತೇನೆ. ನಿನಗಾಗಿ ಕಾಯುವುದಕ್ಕೆ ನನ್ನ ಅಭ್ಯಂತರವಿಲ್ಲ.

ಹೊನ್ನೂರಮ್ಮ


ಹರಪನಹಳ್ಳಿ
28 ಜನವರಿ 1998

ಅತ್ತಿಗೆ,

ಬರುತ್ತೇನೆ. ಇಡೀ ದಿನ ಕ್ಲಾಸಿನಲ್ಲಿ ಅರಚುವ ನನಗೆ ಆ ಒಂದು ಪದ ಹೇಳುವಾಗ ಗಂಟಲು ಕಟ್ಟಬಹುದು. ಕಟ್ಟಿದರೆ ಎಲ್ಲರೂ ಸ್ವಲ್ಪ ತಡೆದುಕೊಳ್ಳಲಿ, ಹೇಳಿಯೇ ಹೇಳುತ್ತೇನೆ. ನಿನಗೆ ಹಸಿರು ಸೀರೆ ತೆಗೆದಿದ್ದೇನೆ. ಬೇಡ ಅಂದರೆ ನಾನೇ ಉಡುತ್ತೇನೆ. ಒಂದೇ ಒಂದು ಷರತ್ತು. ಮದುವೆಯಾದ ಮೇಲೂ ನೀನು ನನ್ನ ಅತ್ತಿಗೆಯೇ. ಹೊಸ ಸಂಬಂಧದ ಹೆಸರು ಹುಡುಕಲು ನನಗೆ ಪುರುಸೊತ್ತಿಲ್ಲ.

ದುರ್ಗಾ


ಗುಡೇಕೋಟೆ
5 ಏಪ್ರಿಲ್ 1998

ದುರ್ಗಿ,

ನೀನು "ಆಗಲಿ" ಅಂದ ರೀತಿಯನ್ನು ಊರು ಇನ್ನೂ ಆಡಿಕೊಳ್ಳುತ್ತಿದೆ. ಹಿರಿಯರು ಮೂರು ಸಲ ಕೇಳಿದರು, ನೀನು ಮೂರು ಸಲವೂ ಅತ್ತೆ. ನಾಲ್ಕನೇ ಸಲಕ್ಕೆ ಅವರು ಬಾಯಿ ತೆರೆಯುವ ಮೊದಲೇ, "ಆಗ್ಲಿ, ಆಗ್ಲಿ, ಆಗ್ಲಿ! ಎಷ್ಟ್ ಸಲ ಹೇಳ್ಬೇಕು?" ಎಂದು ಅವರ ಮೇಲೇ ಹರಿಹಾಯ್ದೆ. ಆ ಹಿರಿಯರು ನಿನ್ನೆ ಸಿಕ್ಕಿ, "ಟೀಚರಮ್ಮ ಆರಾಮದಾರೇನು?" ಎಂದು ಅಂಜುತ್ತಲೇ ಕೇಳಿದರು.

ಯುಗಾದಿ ಚೆನ್ನಾಗಿ ಆಯಿತು. ಬೆಳಗಿನ ಚಹಾ ದಿನವೂ ಬರುತ್ತಿದೆ. ಸಕ್ಕರೆ ಹೆಚ್ಚು, ಆದರೂ ಹೇಳಿಲ್ಲ. ಜಗಳವೂ ಆಯಿತು. ಕರುವಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವನ್ನು ತೊಳೆಯದೆ ನನ್ನ ಪಾತ್ರೆಗಳ ನಡುವೆ ಇಟ್ಟಿದ್ದರು. ಜೋರಾಗಿ ಜಗಳ ಮಾಡಿದೆ. ಅದೂ ಒಂದು ಸುಖ, ಇಷ್ಟು ವರ್ಷ ನಾನು ಯಾರ ಹತ್ತಿರವೂ ಜಗಳವಾಡಿರಲಿಲ್ಲ.

ನಿನ್ನೆ ಬೋರಿನ ಹತ್ತಿರ ಬಟ್ಟೆ ಒಗೆಯುವಾಗ ಕೆಂಚಕ್ಕ ಗಂಭೀರವಾಗಿ ಕೇಳಿದಳು. "ಹೊನ್ನೂರಮ್ಮ, ಒಂದ್ ಮಾತು. ಸತ್ ಮ್ಯಾಲೆ ಅಲ್ಲಿ ಇಬ್ರೂ ಗಂಡ್ರು ಒಮ್ಮೆಕ್ಕೇ ಎದುರಾದ್ರ ಏನ್ ಮಾಡ್ತಿ?"

ಹೆಂಗಸರೆಲ್ಲ ಬಟ್ಟೆ ಬಡಿಯುವುದನ್ನು ನಿಲ್ಲಿಸಿದರು.

"ನಾ ಹೋಗಿ ನೋಡಿ ಬಂದೀನಿ ಕೆಂಚಕ್ಕ," ಅಂದೆ. "ಅಲ್ಲಿ ಯಾರೂ ಇಲ್ಲ. ಬಟ್ಟಿನೂ ಇಲ್ಲ, ಸೋಪೂ ಇಲ್ಲ."

ಕೆಂಚಕ್ಕ ಕಲ್ಲಿನ ಮೇಲೆ ಕೈಯೂರಿ ಕೂತಳು. ನಿನಗೆ ಗೊತ್ತಲ್ಲ, ಅವಳು ದಿನಕ್ಕೆ ನಾಲ್ಕು ದೇವರಿಗೆ ಕೈಮುಗಿಯುವವಳು. ಬೇಜಾರಾಯಿತೇನೋ ಎಂದುಕೊಂಡೆ. ಆಮೇಲೆ ಅವಳು, "ಬಟ್ಟಿ ಒಗಿಯಂಗಿಲ್ಲ ಅಂದ್ರ ನಾ ಒಮ್ಮೆ ಹೋಗಿ ಬರ್ತೀನವ್ವ" ಅಂದಳು. ನಾವೆಲ್ಲ ನಕ್ಕು ನಕ್ಕು, ನನ್ನ ರವಿಕೆಯೊಂದು ಬೋರಿನ ಕಾಲುವೆ ನೀರಿನಲ್ಲಿ ತೇಲಿಹೋದದ್ದೂ ಗೊತ್ತಾಗಲಿಲ್ಲ.

ಅವಳ ನಂಬಿಕೆ ಅವಳದು. ಅದನ್ನು ಕಸಿದು ನನಗೇನೂ ಆಗಬೇಕಾಗಿಲ್ಲ. ಅವಳ ಕೈ ನನ್ನ ಉಸಿರನ್ನು ಹಿಡಿದಿತ್ತು, ನನಗೆ ಅಷ್ಟು ಸಾಕು.

ಸೆಪ್ಟೆಂಬರಿನಲ್ಲಿ ಕೇಳಿದ ಪ್ರಶ್ನೆಗೆ ನೀನಿನ್ನೂ ಉತ್ತರ ಕೊಟ್ಟಿಲ್ಲ. ಬೇಸಿಗೆ ರಜೆ ಬಂತು.

ನಿನ್ನ ಅತ್ತಿಗೆ,
ಹೊನ್ನೂರಮ್ಮ


ಕಾರವಾರ
11 ಮೇ 1998

ಅತ್ತಿಗೆ,

ಕಾರ್ಡಿನಲ್ಲಿ ಜಾಗ ಕಡಿಮೆ. ಸ್ಕೂಲಿನ ಟೀಚರುಗಳ ಜೊತೆ ಬಂದಿದ್ದೇನೆ. ಮೂವತ್ತೊಂದು ವರ್ಷಕ್ಕೆ ಮೊದಲ ಸಲ ಕಡಲು ನೋಡಿದೆ. ಇದರ ಬಗ್ಗೆ ನಾನು ಎಂಟನೇ ಕ್ಲಾಸಿಗೆ ಮಾಡಿದ ಪಾಠವೆಲ್ಲ ವೇಸ್ಟು. ಉಳಿದವರು ಪಾದ ತೋಯಿಸಿಕೊಂಡು ಫೋಟೋ ತೆಗೆಸಿಕೊಂಡರು. ನಾನು ಸೀರೆ ಸಮೇತ ಕೂತುಬಿಟ್ಟೆ. ಅಲೆ ಬಂದು ಮಗುಚಿತು, ಎದ್ದೆ, ಮತ್ತೆ ಕೂತೆ. ಹೆಡ್‌ಮಿಸ್ ದಡದಿಂದ ಕರೆಯುತ್ತಿದ್ದರು, "ಸಾಕು ಬಾ, ಬಸ್ಸಿಗೆ ಹೊತ್ತಾಯ್ತು" ಎಂದು. ನಾಳೆಯ ಬಸ್ಸಿಗೆ ಬರುತ್ತೇನೆ ಎಂದು ಕೂಗಿ ಹೇಳಿದೆ. ಅವರೆಲ್ಲ ಹೋದರು, ನಾನಿದ್ದೇನೆ. ಒಬ್ಬಳೇ ಕೂತು ಹುರಿದ ಮೀನು ತಿಂದೆ, ಎರಡು ತಟ್ಟೆ.

ಅಕ್ಷರ ಅಲ್ಲಲ್ಲಿ ಮಸುಕಾಗಿದ್ದರೆ ಅತ್ತಿದ್ದಾಳೆ ಎಂದುಕೊಳ್ಳಬೇಡ. ತಲೆ ಇನ್ನೂ ಒಣಗಿಲ್ಲ, ಕಡಲು ತೊಟ್ಟಿಕ್ಕುತ್ತಿದೆ.

ದುರ್ಗಿ